ಹಳೆ ಪದ್ಮಿನಿಗೆ ಕಾರ್ಬರೇಟರ್ ಬದಲಿಸುವುದು: ಘಟ್ಟದ ಮೇಲಿನವರಿಗೆ ಒಂದು ಮಾರ್ಗದರ್ಶಿ

ಪದ್ಮಿನಿ ಕಾರು ಏರಿನಲ್ಲಿ ಮಿಸ್ ಹೊಡೆಯಲು ಶುರು ಮಾಡಿತು ಅಂದ್ರೆ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು, ‘ಕಾರ್ಬರೇಟರ್ ಹೋಗಿದೆ ಸಾರ್, ಬೇರೆ ಹಾಕಿಬಿಡೋಣ’. ಒಪ್ಪುವ ಮೊದಲು ಸ್ವಲ್ಪ ತಡೆಯಿರಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕಳಿಸುವ ಈ ಕಾರ್ಬರೇಟರನ್ನು ಬಿಚ್ಚಿ ಹಾಕುವುದು ದೊಡ್ಡ ಕೆಲಸವಲ್ಲ. ಕೈಯಲ್ಲಿ ಸರಿಯಾದ ಸ್ಪ್ಯಾನರ್ ಇದ್ದರೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಆದರೆ ಅದನ್ನು ಬದಲಿಸಲೇಬೇಕಾ ಎಂದು ತೀರ್ಮಾನಿಸುವುದು, ಹೊಸದನ್ನು ನಮ್ಮ ಊರಿನ ಎತ್ತರಕ್ಕೂ ಈಗಿನ ಪೆಟ್ರೋಲಿಗೂ ಹೊಂದಿಸುವುದು, ಇವೆರಡರಲ್ಲೇ ಇಡೀ ಕೆಲಸ ಇರುವುದು. ಹಾಗಾಗಿ ಈ ಬರಹದಲ್ಲಿ ಆ ಎರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು 1089 ಸಿ.ಸಿ. ಎಂಜಿನ್ನಿನ ಪೆಟ್ರೋಲ್ ಪದ್ಮಿನಿಗೆ. ಅದಕ್ಕೂ ಹಿಂದಿನ ಫಿಯಟ್ 1100 ಇಟ್ಟುಕೊಂಡವರಿಗೂ ಇದೇ ಕ್ರಮ. 1489 ಸಿ.ಸಿ.ಯ ಹಳೆ ಪೆಟ್ರೋಲ್ ಅಂಬಾಸಿಡರ್‌ಗೂ ಬಹುಪಾಲು ಇದೇ ನಡೆಯುತ್ತದೆ. ಒಂದು ವ್ಯತ್ಯಾಸ ನೆನಪಿಡಿ: ಪದ್ಮಿನಿಗೆ ಮಿಲಿಮೀಟರ್ ಸ್ಪ್ಯಾನರ್, ಅಂಬಾಸಿಡರ್‌ಗೆ ಇಂಚಿನ ಸ್ಪ್ಯಾನರ್. ಅದನ್ನು ಇದಕ್ಕೆ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಉಳಿಯೋದು ಉಳಿ ಮತ್ತು ಸುತ್ತಿಗೆ ಮಾತ್ರ.

ತಪ್ಪು ನಿಜವಾಗಿಯೂ ಕಾರ್ಬರೇಟರ್‌ನದ್ದಾ?

ಮೊದಲು ಇಗ್ನಿಷನ್, ಅಂದ್ರೆ ಕಿಡಿ ಕೊಡುವ ಭಾಗಗಳನ್ನು ನೋಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್ ಸುಟ್ಟಿದೆಯಾ, ಗ್ಯಾಪ್ ಸುಮಾರು 0.4 ಮಿ.ಮೀ. ಇದೆಯಾ ಎಂದು ಫೀಲರ್ ಗೇಜ್ ಹಾಕಿ ನೋಡಿ. ಪ್ಲಗ್ ಗ್ಯಾಪ್ 0.6 ಮಿ.ಮೀ. ಆಸುಪಾಸು ಇರಲಿ. ಕಂಡೆನ್ಸರ್ ಸೋತಿದ್ದರೂ ಬಿಸಿಯಾದ ಮೇಲೆ ಮಿಸ್ಸಿಂಗ್ ಬರುತ್ತದೆ, ಅದು ಥೇಟ್ ಪೆಟ್ರೋಲ್ ಸಾಲದೆ ಬಂದ ಮಿಸ್ಸಿಂಗ್ ಹಾಗೆಯೇ ಕೇಳುತ್ತದೆ.

ಆಮೇಲೆ ಪೆಟ್ರೋಲ್ ಬರುವ ದಾರಿ. ಕಾಯಿಲ್‌ಗೆ ಹೋಗುವ ಇಗ್ನಿಷನ್ ವೈರ್ ಕಳಚಿಡಿ, ಕಿಡಿ ಹಾರಬಾರದು. ಕಾರ್ಬರೇಟರ್ ಕಡೆಯ ಪೆಟ್ರೋಲ್ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಡಿ. ಒಬ್ಬರು ಸೆಲ್ಫ್ ಹೊಡೆಯಲಿ. ಎ.ಸಿ. ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್) ಚೆನ್ನಾಗಿದ್ದರೆ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ತೊಟ್ಟಿಕ್ಕಿದರೆ ಪಂಪಿನ ಡಯಾಫ್ರಾಮ್ ಅಥವಾ ಫಿಲ್ಟರ್ ನೋಡಿಕೊಳ್ಳಿ, ಕಾರ್ಬರೇಟರ್ ಮುಟ್ಟಬೇಡಿ. ಆ ಬಾಟಲಿಯನ್ನು ಹಾಗೇ ಒಂದು ಕಡೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ತಳದಲ್ಲಿ ಬೇರೆಯೇ ಒಂದು ಪದರ ನಿಂತಿದೆಯಾ, ತುಕ್ಕಿನ ಪುಡಿ ಕೂತಿದೆಯಾ? ಇದ್ದರೆ ರೋಗ ಇರುವುದು ಟ್ಯಾಂಕಿನಲ್ಲಿ.

ಇದು ನಮ್ಮ ಕಡೆ ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಹಳೆ ಕಾರು ಜೂನ್‌ನಲ್ಲಿ ಶೆಡ್ಡಿಗೆ ಹೋದರೆ ಮಳೆ ಹಿಂದೆಗೆದ ಮೇಲೆಯೇ ಹೊರಗೆ ಬರುವುದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಥಂಡಿಯಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ಕೂತ ನೀರೂ ಅದಕ್ಕೆ ಸೇರುತ್ತದೆ. ನೀರು ಒಂದು ಮಿತಿ ದಾಟಿದಾಗ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದೂ ತಳದಲ್ಲೇ ಅಲ್ವಾ? ಹಾಗಾಗಿ ಕಾರ್ಬರೇಟರ್‌ಗೆ ಮೊದಲು ಬರುವುದು ಆ ನೀರೇ. ಫ್ಲೋಟ್ ಚೇಂಬರ್ (ಕಾರ್ಬರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದಾಗ ಸುಣ್ಣ ಬಳಿದಂತೆ ಬಿಳಿ ಪುಡಿ ಕಂಡರೆ ಅದು ಈ ನೀರು ತಿಂದ ಗುರುತು. ಹೀಗಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ಫಿಲ್ಟರ್ ಹಾಕಿದ ಮೇಲೆಯೇ ಮುಂದಿನ ಕೆಲಸ. ಇಲ್ಲದಿದ್ದರೆ ಹೊಸ ಕಾರ್ಬರೇಟರ್ ಕೂಡ ಬೇಗನೆ ಹಳೆಯದರ ಗತಿಗೇ ಬರುತ್ತದೆ.

ಹಳೆ ರಬ್ಬರ್ ಹೋಸ್‌ಗಳಿಗೂ ಎಥನಾಲ್ ಆಗಿಬರುವುದಿಲ್ಲ. ಕೆಲವು ಮೆತ್ತಗಾಗಿ ಊದುತ್ತವೆ, ಕೆಲವು ಬಿರುಕು ಬಿಡುತ್ತವೆ. ಎಥನಾಲ್ ತಡೆಯುವ ಹೋಸ್ ಕೇಳಿ ತಗೊಳ್ಳಿ, ಕ್ಲಿಪ್ಪನ್ನೂ ಹೊಸದೇ ಹಾಕಿ.

ಇನ್ನು ಕಾರ್ಬರೇಟರ್‌ನದ್ದೇ ಸರದಿ. ಕೊಳೆ ಕಟ್ಟಿದ್ದರೆ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಮುಚ್ಚಿದ್ದರೆ, ನೀಡಲ್ (ಚೇಂಬರ್‌ಗೆ ಬರುವ ಪೆಟ್ರೋಲ್ ತಡೆಯುವ ಸೂಜಿ) ಸವೆದಿದ್ದರೆ ಕ್ಲೀನ್ ಮಾಡಿ ರಿಪೇರಿ ಕಿಟ್ ಹಾಕಿದರೆ ಸಾಕು, ಬದಲಿಸುವ ಅಗತ್ಯವೇ ಇಲ್ಲ. ಬದಲಿಸಬೇಕಾಗುವುದು ಬಾಡಿಯೇ ಕೆಟ್ಟಾಗ: ಬೇಸ್ ಬಗ್ಗಿದ್ದರೆ, ಸ್ಟಡ್ ಕೂರುವ ಕಿವಿ ಮುರಿದಿದ್ದರೆ, ಒಳಗಿನ ದಾರಿಗಳನ್ನೇ ಬಿಳಿ ಪುಡಿ ತಿಂದುಹಾಕಿದ್ದರೆ, ಅಥವಾ ಥ್ರಾಟಲ್ ಶಾಫ್ಟ್ (ಆಕ್ಸಿಲರೇಟರ್ ಒತ್ತಿದಾಗ ಒಳಗಿನ ತಟ್ಟೆಯನ್ನು ತೆರೆಯುವ ಸರಳು) ಸಡಿಲವಾಗಿದ್ದರೆ.

ಈ ಕೊನೆಯದ್ದನ್ನು ಗುರುತಿಸುವುದನ್ನು ಪ್ರತಿಯೊಬ್ಬ ಹಳೆ ಕಾರಿನವರೂ ಕಲಿಯಬೇಕು ಅನ್ನೋದು ನನ್ನ ಆಸೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಓಡುತ್ತಿರಲಿ. ಆಕ್ಸಿಲರೇಟರ್ ರಾಡ್ ಸೇರುವ ಜಾಗದಲ್ಲಿ ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸಬೇಡಿ, ಅಲ್ಲಾಡಿಸಿ ಅಷ್ಟೇ. ಅಲ್ಲಾಡಿಸಿದ ಹಾಗೆಲ್ಲ ಎಂಜಿನ್ ಸದ್ದು ಏರಿಳಿದರೆ ಆ ಸಂದಿನಿಂದ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಈ ಕಳ್ಳಗಾಳಿಗೆ ಯಾವ ಸ್ಕ್ರೂ ತಿರುಗಿಸಿದರೂ ಮದ್ದಿಲ್ಲ. ಒಂದು ದಿನ ಸೆಟ್ಟಿಂಗ್ ಸರಿ ಅನ್ನಿಸುತ್ತದೆ, ಮರುದಿನ ಬೆಳಗಿನ ಥಂಡಿಗೆ ಮತ್ತೆ ಆಫ್. ಒಳ್ಳೆಯ ಲೇತ್ ಕೆಲಸದವರು ಸಿಕ್ಕರೆ ಶಾಫ್ಟ್ ಕೂರುವ ತೂತಿಗೆ ಹಿತ್ತಾಳೆ ಬುಷ್ ಹಾಕಿಸಬಹುದು. ಸಿಗದಿದ್ದರೆ ಬೇರೆ ಕಾರ್ಬರೇಟರ್.

ತರುವಾಗ ಏನು ನೋಡಬೇಕು

ಹಾಸನ, ಚಿಕ್ಕಮಗಳೂರಿನ ಸ್ಪೇರ್ ಅಂಗಡಿಗಳಲ್ಲಿ ಒಮ್ಮೊಮ್ಮೆ ಹಳೆ ಸ್ಟಾಕ್ ಸಿಗುತ್ತದೆ, ಕೇಳಿ ನೋಡಿ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹೋಗುವಾಗ ಹಳೆಯದನ್ನು ಬಿಚ್ಚಿ ಕೈಯಲ್ಲೇ ತಗೊಂಡು ಹೋಗಿ. ಮೊಬೈಲ್ ಫೋಟೋ ಸಾಲದು.

ಸೋಲೆಕ್ಸ್ ಹೆಸರಿನ ಕಾರ್ಬರೇಟರ್ ಮೇಲೆ 32 ಎಂದು ಇದ್ದರೆ ಅದು ಥ್ರಾಟಲ್ ಇರುವ ಬಾಯಿಯ ಅಗಲ, ಮಿಲಿಮೀಟರ್‌ನಲ್ಲಿ. ಜೆಟ್ ಮೇಲಿನ ಅಂಕಿ ತೂತಿನ ಅಳತೆ: 120 ಅಂದ್ರೆ 1.20 ಮಿ.ಮೀ. ಹಳೆಯದು, ಕೊಳ್ಳುವುದು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಸ್ಟಡ್ ತೂತುಗಳ ನಡುವಿನ ಅಂತರ ಒಂದೇನಾ? ಆಕ್ಸಿಲರೇಟರ್ ಲಿವರ್ ಅದೇ ಪಕ್ಕದಲ್ಲಿದೆಯಾ? ಪೆಟ್ರೋಲ್ ಪೈಪ್ ಬರುವ ದಿಕ್ಕು, ಚೋಕ್ ಕೇಬಲ್ ಹಿಡಿಯುವ ಬ್ರಾಕೆಟ್, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪಿನ ಮೂತಿ, ಎಲ್ಲ ಅದೇ ಜಾಗದಲ್ಲಿದೆಯಾ? ‘ಸ್ವಲ್ಪ ಬಗ್ಗಿಸಿಕೊಂಡ್ರೆ ಆಗುತ್ತೆ’ ಅಂದರೆ ಬೇಡ ಅನ್ನಿ.

ಅಂಗಡಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಥ್ರಾಟಲ್ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿದು ಬಾಯಿಯೊಳಗೆ ನೋಡಿ. ತಟ್ಟೆಯ ಸುತ್ತ ಕೂದಲೆಳೆಯಷ್ಟು ಬೆಳಕು ಸಮವಾಗಿ ಕಂಡರೆ ಪರವಾಗಿಲ್ಲ. ಒಂದೇ ಕಡೆ ದಪ್ಪ ಗೀಟು ಕಂಡರೆ ಅದು ಐಡ್ಲಿಂಗ್‌ನಲ್ಲಿ ಎಂದೂ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ಹೆಸರಿಲ್ಲದ ಅಗ್ಗದ ಹೊಸ ನಕಲಿಗಿಂತ ಶಾಫ್ಟ್ ಬಿಗಿಯಾಗಿರುವ ಹಳೆ ಒರಿಜಿನಲ್ ತಂದು, ಕಿಟ್ ಹಾಕಿಕೊಳ್ಳುವುದು ಎಷ್ಟೋ ವಾಸಿ.

ತಂದದ್ದು ಹೊಸದೇ ಆದರೂ ಒಮ್ಮೆ ಮುಚ್ಚಳ ತೆಗೆದು ನೋಡಿ. ಒಳಗೆ ಲೋಹದ ಚೂರು ಉಳಿದಿರುವುದು ಉಂಟು. ಜೆಟ್ಟುಗಳು ಬಿಗಿಯಾಗಿವೆಯಾ ನೋಡಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಸೋಲೆಕ್ಸ್‌ನಲ್ಲಿ ಪೆಟ್ರೋಲಿನ ಮಟ್ಟ ನಿರ್ಧಾರವಾಗುವುದು ನೀಡಲ್ ವಾಲ್ವ್ ಕೆಳಗಿನ ವಾಷರ್ ದಪ್ಪದಿಂದ. ದಪ್ಪ ವಾಷರ್ ಹಾಕಿದರೆ ಮಟ್ಟ ಇಳಿಯುತ್ತದೆ, ತೆಳುವಾದದ್ದು ಹಾಕಿದರೆ ಏರುತ್ತದೆ. ಹಾಗಾಗಿ ಆ ವಾಷರ್ ಕಳೆದುಹಾಕಬೇಡಿ, ಸಿಕ್ಕಿದ್ದನ್ನು ಹಾಕಲೂ ಬೇಡಿ.

ಬಿಚ್ಚುವುದು

ಜಾಗದ ಬಗ್ಗೆ ಮೊದಲು. ಮಲೆನಾಡಿನ ಮನೆಗಳಲ್ಲಿ ಬೆಳಗ್ಗೆ ಹಂಡೆ ಒಲೆ ಉರಿಯುತ್ತಲೇ ಇರುತ್ತದೆ, ಕಾರಿನ ಶೆಡ್ಡೂ ಬಚ್ಚಲಿನ ಪಕ್ಕದಲ್ಲೇ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ದೂರದ ಬೆಂಕಿಯನ್ನೂ ಮುಟ್ಟಬಲ್ಲದು. ಕಾರನ್ನು ಅಂಗಳಕ್ಕೆ ತಳ್ಳಿ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಒಂದು ಬಕೆಟ್ ಮರಳು ಅಥವಾ ಪೌಡರ್ ಅಗ್ನಿಶಾಮಕ ಕೈಗೆ ಸಿಗುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಅರ್ಥ್ ಕೇಬಲ್ ಕಳಚಿಡಿ.

ಏನನ್ನೂ ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ರಿಟರ್ನ್ ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿಸಿದೆ ಎನ್ನುವುದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣಬೇಕು, ಜೋಡಿಸುವಾಗ ಅದೇ ಮರೆತುಹೋಗುವುದು.

ಏರ್ ಕ್ಲೀನರ್ ತೆಗೆಯಿರಿ. ಪೆಟ್ರೋಲ್ ಪೈಪ್ ಬಿಚ್ಚಿ, ಅದರ ಬಾಯಿಗೆ ಸರಿಯಾದ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯಿರಿ. ಸ್ಪ್ರಿಂಗ್, ಆಕ್ಸಿಲರೇಟರ್ ರಾಡ್, ಚೋಕ್ ಕೇಬಲ್, ವ್ಯಾಕ್ಯೂಮ್ ಪೈಪ್ ಇದ್ದರೆ ಅದು, ಈ ಕ್ರಮದಲ್ಲಿ ಕಳಚಿ. ಬೇಸಿನ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು. ಎರಡನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕಾರ್ಬರೇಟರ್ ಅಂಟಿಕೊಂಡಿದ್ದರೆ ಕೈಯಲ್ಲಿ ಹಿಡಿದು ಆಚೀಚೆ ಅಲುಗಿಸಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಲಿ ಬಿದ್ದ ಒಂದು ಗೀರು ಸಾಕು ಗಾಳಿ ಸೋರಲು. ಚೇಂಬರ್‌ನಲ್ಲಿ ಪೆಟ್ರೋಲ್ ಇರುತ್ತದೆ, ವಾಲಿಸದೆ ನೇರವಾಗಿ ಎತ್ತಿ.

ಎತ್ತಿದ ಕ್ಷಣವೇ ಕೆಳಗೆ ತೆರೆದ ಬಾಯಿಗೆ ಶುದ್ಧ ಬಟ್ಟೆ ತುಂಬಿ. ದಾರ ಬಿಡದ ಹಳೆ ಬನಿಯನ್ ಬಟ್ಟೆ ಇದಕ್ಕೆ ಚೆನ್ನ. ಕಾಟನ್ ವೇಸ್ಟ್ ಬೇಡ, ಅದರ ಎಳೆಗಳು ಒಳಗೆ ಹೋಗುತ್ತವೆ. ಒಂದು ವಾಷರ್ ಆ ಬಾಯೊಳಗೆ ಬಿದ್ದು ಸಿಲಿಂಡರ್ ಸೇರಿದರೆ ಹೆಡ್ ಇಳಿಸುವ ಕೆಲಸ ಬರುತ್ತದೆ.

ಕೂರಿಸುವುದು

ಹಳೆ ಪ್ಯಾಕಿಂಗ್ ಚೂರುಗಳನ್ನು ಮೊಂಡು ಅಂಚಿನ ತಗಡಿನಿಂದ ನಿಧಾನವಾಗಿ ಕೆರೆದು ತೆಗೆಯಿರಿ. ಕಾರ್ಬರೇಟರ್ ಬೇಸಿನ ಮೇಲೆ ಸ್ಟೀಲ್ ಸ್ಕೇಲ್ ಅಂಚಾಗಿ ಇಟ್ಟು ಬೆಳಕಿಗೆ ಹಿಡಿಯಿರಿ. ಕಿವಿಗಳ ಕಡೆ ಸ್ಕೇಲ್ ಕೂತು ನಡುವೆ ಬೆಳಕು ಕಂಡರೆ ಹಿಂದೆ ಯಾರೋ ನಟ್ಟು ಅತಿಯಾಗಿ ಬಿಗಿದಿದ್ದಾರೆ. ತುಸು ಬಗ್ಗಿದ್ದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ಬೇಸನ್ನು ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಬಹುದು. ಉಜ್ಜುವ ಮೊದಲು ಒಳಗಿನ ಎಲ್ಲ ಬಿಡಿಭಾಗ ತೆಗೆದಿರಬೇಕು, ಉಜ್ಜಿದ ಮೇಲೆ ಪೂರ್ತಿ ತೊಳೆದು ಗಾಳಿ ಹೊಡೆಯಬೇಕು.

ಕಾರ್ಬರೇಟರ್ ಅಡಿಯಲ್ಲಿ ಬೇಕಲೈಟಿನ ದಪ್ಪ ತುಂಡು ಇದ್ದರೆ ಅದನ್ನು ಮತ್ತೆ ಹಾಕಲೇಬೇಕು. ಎಂಜಿನ್ ಬಿಸಿ ಮೇಲೆ ಏರದಂತೆ ತಡೆಯುವುದು ಅದೇ. ಅದಿಲ್ಲದಿದ್ದರೆ ಏಪ್ರಿಲ್ ತಿಂಗಳಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಚಾರ್ಮಾಡಿ ಹತ್ತುವಾಗ ಪೆಟ್ರೋಲ್ ಕುದಿದು ಗಾಡಿ ನಿಂತುಬಿಡುತ್ತದೆ. ಬೇಕಲೈಟಿನ ಎರಡೂ ಪಕ್ಕಕ್ಕೆ ಹೊಸ ಪ್ಯಾಕಿಂಗ್ ಹಾಕಿ, ಒಣಗಿದ್ದೇ ಇರಲಿ. ಸೀಲೆಂಟ್ ಹಚ್ಚಬೇಡಿ. ಹಿಂಡಿ ಒಳಗೆ ಬಂದ ಸೀಲೆಂಟನ್ನು ಪೆಟ್ರೋಲ್ ಕರಗಿಸುತ್ತದೆ, ಅದರ ಚೂರು ಎಂಜಿನ್‌ಗೆ ಹೋಗುತ್ತದೆ.

ಬಟ್ಟೆ ತೆಗೆಯಿರಿ. ಇದನ್ನು ಬೇರೆ ಸಾಲಾಗಿಯೇ ಬರೆಯುತ್ತಿದ್ದೇನೆ, ಬಟ್ಟೆ ಒಳಗೇ ಬಿಟ್ಟು ಮೇಲೆ ಕಾರ್ಬರೇಟರ್ ಕೂರಿಸಬಾರದು.

ಎರಡೂ ನಟ್ಟುಗಳನ್ನು ಕೈಯಲ್ಲಿ ಕೂರಿಸಿ, ಆಮೇಲೆ ಅದಕ್ಕೊಮ್ಮೆ ಇದಕ್ಕೊಮ್ಮೆ ಕಾಲು ಸುತ್ತು ಬಿಗಿಯುತ್ತಾ ಬನ್ನಿ. ಚಿಕ್ಕ ಸ್ಪ್ಯಾನರ್ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿದರೆ ಸಾಕು. ಬಾಡಿ ಮೆತ್ತನೆಯ ಲೋಹದ್ದು, ಜೋರು ಹಾಕಿದರೆ ಕಿವಿ ಬಗ್ಗುತ್ತದೆ.

ರಾಡ್, ಸ್ಪ್ರಿಂಗ್, ಚೋಕ್ ಕೇಬಲ್ ಜೋಡಿಸಿದ ಮೇಲೆ ಒಬ್ಬರನ್ನು ಕಾರಿನೊಳಗೆ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ. ನೀವು ಮೇಲಿನಿಂದ ನೋಡಿ: ಥ್ರಾಟಲ್ ತಟ್ಟೆ ಪೂರ್ತಿ ನೆಟ್ಟಗೆ ನಿಲ್ಲಬೇಕು. ಕಾಲು ತೆಗೆದಾಗ ಟಪ್ ಅಂತ ಮುಚ್ಚಬೇಕು. ಎಲ್ಲಾದರೂ ತಡೆದು ನಿಂತರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಘಾಟಿಯ ತಿರುವಿನಲ್ಲಿ ಸಿಕ್ಕಿಕೊಂಡ ಆಕ್ಸಿಲರೇಟರ್ ಪ್ರಾಣಕ್ಕೇ ಕುತ್ತು. ಹಾಗೆಯೇ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಪೂರ್ತಿ ಒಳಗಿರುವಾಗ ಕಾರ್ಬರೇಟರ್ ಮೇಲಿನ ಚೋಕ್ ಲಿವರ್ ಕೂಡ ಪೂರ್ತಿ ಹಿಂದಕ್ಕೆ ಬಂದಿರಬೇಕು. ಅರ್ಧ ಚೋಕಿನಲ್ಲೇ ಓಡುವ ಕಾರು ಕಪ್ಪು ಹೊಗೆ ಬಿಡುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಬೈಗುಳ ಮಾತ್ರ ಹೊಸ ಕಾರ್ಬರೇಟರ್‌ಗೆ.

ಪೆಟ್ರೋಲ್ ಪೈಪ್ ಹಾಕಿ. ಎ.ಸಿ. ಪಂಪಿಗೆ ಕೈಲಿವರ್ ಇದ್ದರೆ ಅದನ್ನೇ ಒತ್ತಿ ಚೇಂಬರ್ ತುಂಬಿಸಿ. ಇಲ್ಲದಿದ್ದರೆ ಬ್ಯಾಟರಿ ಜೋಡಿಸಿ, ಕಾಯಿಲ್ ವೈರ್ ಕಳಚಿಟ್ಟೇ ಸ್ವಲ್ಪ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಮಾಡುವ ಮೊದಲು ಐದು ನಿಮಿಷ ಸುಮ್ನೆ ನಿಂತು ಪ್ರತಿ ಜಾಯಿಂಟನ್ನೂ ಒಣ ಬೆರಳಿಂದ ಸವರಿ ನೋಡಿ, ಒದ್ದೆ ಇರಬಾರದು. ಎಂಜಿನ್ ಆಫ್ ಇರುವಾಗಲೇ ಟಾರ್ಚ್ ಹಿಡಿದು ಕಾರ್ಬರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲ್ ಒಮ್ಮೆ ಜೋರಾಗಿ ತೆರೆಯಿರಿ. ಸಣ್ಣ ಕೊಳವೆಯಿಂದ ಪೆಟ್ರೋಲ್ ಸಪೂರವಾಗಿ, ತಡವಿಲ್ಲದೆ ಚಿಮ್ಮಬೇಕು. ಅದು ಆಕ್ಸಿಲರೇಟರ್ ಪಂಪಿನ ಕೆಲಸ. ಚಿಮ್ಮದಿದ್ದರೆ ಕಾಲು ಒತ್ತಿದೊಡನೆ ಗಾಡಿ ಮುಗ್ಗರಿಸುತ್ತದೆ. ಅದನ್ನು ಈಗಲೇ ಸರಿ ಮಾಡಿಕೊಳ್ಳಿ.

ನಮ್ಮ ಎತ್ತರಕ್ಕೆ ಸೆಟ್ಟಿಂಗ್

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಊರುಗಳು. ಇಲ್ಲಿ ಗಾಳಿ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ. 10ರಷ್ಟು ತೆಳು. ಕಾರ್ಬರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಗಾಳಿಯ ವೇಗ ನೋಡಿ ಪೆಟ್ರೋಲ್ ಬಿಡುತ್ತದೆ, ಗಾಳಿಯ ತೂಕ ನೋಡಿ ಅಲ್ಲ. ಲೆಕ್ಕದ ಪ್ರಕಾರ ಈ ಎತ್ತರದಲ್ಲಿ ಮಿಶ್ರಣ ಸುಮಾರು ಶೇ. 5ರಷ್ಟು ರಿಚ್ ಆಗುತ್ತದೆ, ಅಂದ್ರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಇನ್ನೂ ಜಾಸ್ತಿ. ಅಲ್ಲಿ ಹಳೆ ಗಾಡಿಗೆ ಉಸಿರು ಕಟ್ಟಿದ ಹಾಗೆ ಆಗುವುದು ಅದಕ್ಕೇ.

ಇನ್ನೊಂದು ಕಡೆ, ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿದೆ. ಶೇ. 20 ಎಥನಾಲ್ ಇರುವ ಪೆಟ್ರೋಲನ್ನು ಹಳೆಯ ಜೆಟ್ಟಿನಲ್ಲಿ ಓಡಿಸಿದರೆ ಮಿಶ್ರಣ ಸುಮಾರು ಶೇ. 7ರಷ್ಟು ಲೀನ್ ಆಗುತ್ತದೆ, ಅಂದ್ರೆ ಪೆಟ್ರೋಲ್ ಸಾಲದು. ಎರಡನ್ನೂ ಕೂಡಿಸಿ ನೋಡಿ. ನಮ್ಮ ಎತ್ತರ ರಿಚ್ ಕಡೆಗೆ ಎಳೆಯುತ್ತದೆ, ಈಗಿನ ಪೆಟ್ರೋಲ್ ಲೀನ್ ಕಡೆಗೆ. ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ. ಅದಕ್ಕೇ ನಾನು ಹೇಳುವುದು: ‘ಹೊಸ ಪೆಟ್ರೋಲಿಗೆ ದೊಡ್ಡ ಮೇನ್ ಜೆಟ್ ಹಾಕಿ’ ಎಂಬ ಸಲಹೆ ಕರಾವಳಿಯ ಕಾರಿಗೆ ಸರಿ ಇರಬಹುದು, ನಮಗೆ ಕಣ್ಣು ಮುಚ್ಚಿ ಒಪ್ಪುವಂಥದ್ದಲ್ಲ. ಮೊದಲು ಕಂಪನಿಯ ಜೆಟ್‌ನಲ್ಲೇ ಓಡಿಸಿ, ಪ್ಲಗ್ ಏನು ಹೇಳುತ್ತದೆ ನೋಡಿ.

ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ತಳ ಮುಟ್ಟಿದೊಡನೆ ನಿಲ್ಲಿಸಿ. ಒತ್ತಿ ಬಿಗಿದರೆ ಅದರ ಚೂಪು ತುದಿ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾಯಿರಿ. ತಣ್ಣನೆಯ ಎಂಜಿನ್‌ನಲ್ಲಿ ಮಾಡಿದ ಸೆಟ್ಟಿಂಗ್ ಯಾವುದೂ ಲೆಕ್ಕಕ್ಕಿಲ್ಲ. ಐಡ್ಲಿಂಗ್ ಸ್ಕ್ರೂವಿನಿಂದ ವೇಗವನ್ನು ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಈಗ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಒಳಗೆ ತಿರುಗಿಸಿ, ಕೇಳಿ. ಒಳಗೆ ಹೋದಷ್ಟೂ ಲೀನ್, ಹೊರಗೆ ಬಂದಷ್ಟೂ ರಿಚ್. ಲೀನ್ ಆದಾಗ ಎಂಜಿನ್ ನಡುಗಿ, ಸೈಲೆನ್ಸರ್‌ನಲ್ಲಿ ಚಟಪಟ ಅನ್ನುತ್ತದೆ. ರಿಚ್ ಆದಾಗ ಕುಂಟುತ್ತಾ ಓಡುತ್ತದೆ, ಹೊಗೆ ಕಣ್ಣಿಗೆ ಚುರುಚುರು ಅನ್ನುತ್ತದೆ. ಇವೆರಡರ ನಡುವೆ ಎಂಜಿನ್ ಅತ್ಯಂತ ಜೋರಾಗಿ, ಸಮವಾಗಿ ಓಡುವ ಒಂದು ಜಾಗ ಸಿಗುತ್ತದೆ. ಅಲ್ಲಿ ಬಿಟ್ಟು, ಐಡ್ಲಿಂಗ್ ಇಳಿಸಿ 700ರಿಂದ 800 ಆರ್‌.ಪಿ.ಎಂ.ಗೆ ತನ್ನಿ. ಇಳಿಸಿದ ಮೇಲೆ ಮಿಕ್ಸ್ಚರ್ ಮತ್ತೊಮ್ಮೆ ನೋಡಿ.

ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಸದ್ದು ಬದಲಾಗದಿದ್ದರೆ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಮುಚ್ಚಿದೆ ಅಥವಾ ಬೇಸಿನಲ್ಲಿ ಗಾಳಿ ಸೋರುತ್ತಿದೆ. ಸೋರುವ ಜಾಗ ಹುಡುಕಲು ಹೂವಿನ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಪ್ಯಾಕಿಂಗ್ ಸುತ್ತ ಸಣ್ಣಗೆ ನೀರು ಚಿಮುಕಿಸಿ, ಇಗ್ನಿಷನ್ ವೈರ್‌ಗಳಿಗೆ ತಾಗದ ಹಾಗೆ. ನೀರು ಬಿದ್ದಾಗ ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಬಿಸಿ ಎಂಜಿನ್ ಮೇಲೆ ಇದಕ್ಕಾಗಿ ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಆಮೇಲೆ ರಸ್ತೆಗೆ. ಚಿಕ್ಕಮಗಳೂರಿನವರಿಗೆ ಕೈಮರದ ಕಡೆಯ ಏರು ಒಳ್ಳೆಯ ಪರೀಕ್ಷೆ. ಹಾಸನದವರು ಯಾವುದಾದರೂ ಉದ್ದನೆಯ ಏರು ಆರಿಸಿಕೊಳ್ಳಿ. ಮೂರನೇ ಗೇರಿನಲ್ಲಿ ಸಮನಾಗಿ ಎಳೆಯಲಿ. ಸುರಕ್ಷಿತ ಜಾಗ ನೋಡಿ ಬದಿಗೆ ನಿಲ್ಲಿಸಿ, ಐಡ್ಲಿಂಗ್ ಮಾಡದೆ ತಕ್ಷಣ ಆಫ್ ಮಾಡಿ. ಸ್ವಲ್ಪ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ ಇದ್ದರೆ ಮೇನ್ ಜೆಟ್ ಸರಿಯಾಗಿದೆ. ಮಸಿ ಹಿಡಿದ ಕಪ್ಪಾದರೆ ರಿಚ್. ಒಣ ಬಿಳುಪಾದರೆ ಲೀನ್, ಆಗ ಜೆಟ್ ಒಂದು ನಂಬರ್ ಮೇಲೆ ಹೋಗಿ. ಲೀನ್ ಓಟವನ್ನು ಹಗುರಾಗಿ ತಗೊಳ್ಳಬೇಡಿ, ವಾಲ್ವ್ ಸುಟ್ಟುಹೋಗುತ್ತದೆ. ಮಂಗಳೂರು ಕಡೆ ಇಳಿಯುವವರು ಅಲ್ಲಿ ಸ್ವಲ್ಪ ಲೀನ್ ಆಗುತ್ತದೆಂದು ತಿಳಿದಿರಲಿ. ಅಲ್ಲಿ ಉದ್ದಕ್ಕೆ ಉಳಿಯುವುದಾದರೆ ಮಿಕ್ಸ್ಚರ್ ತುಸು ಹೊರಗೆ ತಿರುಗಿಸಿಕೊಳ್ಳಿ.

ಮಾರನೆಯ ದಿನ

ಹೊಸ ಪ್ಯಾಕಿಂಗ್ ಬಿಸಿಗೆ ಕೂತು ತೆಳುವಾಗುತ್ತದೆ. ಮರುದಿನ ಎಂಜಿನ್ ತಣ್ಣಗಿರುವಾಗ ಬೇಸಿನ ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಬೆಳಗ್ಗೆ ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ನೀಡಲ್ ಮುಚ್ಚುತ್ತಿಲ್ಲ, ಬಹುಶಃ ಕೊಳೆ ಸಿಕ್ಕಿದೆ. ಮಳೆಗಾಲಕ್ಕೆ ಕಾರು ನಿಲ್ಲಿಸುವ ಮುಂಚೆ ಪೆಟ್ರೋಲ್ ಪೈಪ್ ಕಳಚಿ ಬಾಯಿ ಮುಚ್ಚಿಟ್ಟು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಚೇಂಬರ್ ಒಣಗಿದ್ದಷ್ಟೂ ಒಳ್ಳೆಯದು.

ಬಿಚ್ಚಿದ ಹಳೆ ಕಾರ್ಬರೇಟರ್ ಗುಜರಿಗೆ ಹಾಕಬೇಡಿ. ಅದರ ಜೆಟ್, ಸ್ಪ್ರಿಂಗ್, ಮುಚ್ಚಳ ಯಾವುದೂ ಇನ್ನು ಹೊಸದಾಗಿ ತಯಾರಾಗುತ್ತದೆಂದು ನಂಬಿ ಕೂರುವ ಹಾಗಿಲ್ಲ. ಇನ್ನೂ ಒಂದು ಕಾರಣವಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಎಪ್ಪತ್ತರ ದಶಕದ ಪದ್ಮಿನಿಗಳು ಒಂದೊಂದಾಗಿ ಆ ವಯಸ್ಸಿಗೆ ಬರುತ್ತಿವೆ. ಹಳೆಯದನ್ನು ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಜೆಟ್ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟು, ಗಾಳಿಯಾಡದ ಡಬ್ಬಿಗೆ ಹಾಕಿಡಿ.